ಸಗಣಿ ತೂಕವಾಗಲಿ, ಲೆಕ್ಕ ನಿಮ್ಮ ಹೆಸರಲ್ಲಿರಲಿ



ನೀವು ಡೇರಿಗೆ ಹಾಕಿದ ಹಾಲು ಜಯನಗರ, ಬನಶಂಕರಿಯ ಮನೆ ಬಾಗಿಲು ತಲುಪುತ್ತದೆ. ನಿಮ್ಮ ಗೋಬರ್ ಗ್ಯಾಸ್ ಮಾತ್ರ ನಿಮ್ಮ ಒಲೆ ದಾಟುವುದಿಲ್ಲ. ಅದರಲ್ಲಿ ಉರಿಯುವ ಮೀಥೇನ್ ಸುಮಾರು ಶೇ. 60, ಉಳಿದದ್ದು ಬಹುಪಾಲು ಉರಿಯದ ಇಂಗಾಲದ ಡೈಆಕ್ಸೈಡ್. ಮೀಥೇನ್ ಎಲ್‌ಪಿಜಿಯಂತೆ ಸುಲಭವಾಗಿ ದ್ರವವಾಗುವುದೂ ಇಲ್ಲ.

2025ರ ರಸಾಯನಶಾಸ್ತ್ರ ನೊಬೆಲ್ ಪಡೆದ ಕಿಟಗಾವ, ರಾಬ್ಸನ್, ಯಾಘಿ ಇದಕ್ಕೊಂದು ದಾರಿ ತೋರಿಸಿದ್ದಾರೆ: ಜೇನುಗೂಡಿನಂತೆ ಒಳಗೆಲ್ಲ ಸೂಕ್ಷ್ಮ ಗೂಡುಗಳಿರುವ ಪುಡಿ. ಒತ್ತಡ ಹೆಚ್ಚಿಸಿದರೆ ಅನಿಲ ಗೂಡು ಸೇರುತ್ತದೆ, ಇಳಿಸಿದರೆ ಹೊರಬರುತ್ತದೆ. ಕೆಲವು ಪುಡಿಗಳು ಇಂಗಾಲದ ಡೈಆಕ್ಸೈಡ್ ಹಿಡಿದಿಟ್ಟು ಮೀಥೇನನ್ನು ಬಿಟ್ಟುಕೊಡುತ್ತವೆ. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಇಂಥ ಸಂಶೋಧನೆ ನಡೆದಿದೆ. ಇನ್ನೂ ದುಬಾರಿ, ಕೊಟ್ಟಿಗೆಗೆ ಬರಲು ಕಾಲ ಬೇಕು.

ಆದರೆ ಬಂದ ದಿನ ಸಗಣಿಯೂ ಹಾಲಿನಂತೆ ಮಾರಾಟದ ಸರಕು. ಬುಟ್ಟಿ ಹೊರುವವರು ನೀವು, ಹಣ ಎಣಿಸುವವರು ಇನ್ಯಾರೋ ಆಗಬಾರದು. 1980ರ ದಶಕದಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಸಮುದಾಯ ಗೋಬರ್ ಗ್ಯಾಸ್ ಘಟಕದಲ್ಲಿ ಸಗಣಿ ತೂಗಿ ಹಣ ಕೊಡುತ್ತಿದ್ದರು, ಸ್ಲರಿಯನ್ನು ಗೊಬ್ಬರಕ್ಕೆ ಮರಳಿಸುತ್ತಿದ್ದರು. ನಮಗೂ ಅದೇ ಬೇಕು: ಸರಿಯಾದ ತೂಕ, ಮಹಿಳೆಯ ಹೆಸರಿನ ಖಾತೆ, ಸ್ಲರಿ ವಾಪಸ್. ಸಂಘದ ಮುಂದಿನ ಸಭೆಯಲ್ಲೇ ಈ ಮಾತು ಎತ್ತಿ.