ಹದಿನೆಂಟು ತುಂಬಿದ ಮೇಲೆ ಎಲ್ಲಿಗೆ?

ಹತ್ತು ವರ್ಷದ ಮಗುವಿಗೆ ಟೆನಿಸ್ ಕಲಿಸಬೇಕೆಂದರೆ ಬೆಂಗಳೂರಿನಲ್ಲಿ ಈಗ ಕಷ್ಟವೇನಿಲ್ಲ. ಕಬ್ಬನ್ ಪಾರ್ಕಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳದಿಂದ ಹಿಡಿದು ಹೊರವಲಯದ ಬಡಾವಣೆಗಳವರೆಗೆ ಅಕಾಡೆಮಿಗಳಿವೆ, ಬೇಸಿಗೆ ಶಿಬಿರಗಳಿವೆ, ಕೋಚ್‌ಗಳಿದ್ದಾರೆ. ಹನ್ನೆರಡರೊಳಗಿನವರು, ಹದಿನಾಲ್ಕರೊಳಗಿನವರು, ಹದಿನಾರರೊಳಗಿನವರು ಎಂದು ವಯಸ್ಸಿಗೆ ತಕ್ಕ ಟೂರ್ನಿಗಳೂ ಇವೆ. ಅದೇ ಮಗು ಈ ಮೆಟ್ಟಿಲುಗಳನ್ನೆಲ್ಲ ಹತ್ತಿ, ಪಿ.ಯು.ಸಿ. ಮುಗಿಸಿ, ಹದಿನೆಂಟು ತುಂಬಿ ನಿಂತಾಗ ಮಾತ್ರ ಮುಂದಿನ ಮೆಟ್ಟಿಲು ಎಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ಅಪ್ಪ ಅಮ್ಮಂದಿರಿಗೆ ಗೊತ್ತಿರುವುದಿಲ್ಲ. ಬಹಳ ಸಲ ಕೋಚ್‌ಗೂ ಗೊತ್ತಿರುವುದಿಲ್ಲ.

ಇದರಲ್ಲಿ ಯಾರದೂ ತಪ್ಪಿಲ್ಲ ಎನ್ನಬೇಕು. ಅಕಾಡೆಮಿಗಳು ನಡೆಯುವುದು ಮಕ್ಕಳ ಶುಲ್ಕದಿಂದ. ಸಂಜೆ ನಾಲ್ಕರಿಂದ ಏಳರವರೆಗೆ ಒಂದು ಅಂಗಳದಲ್ಲಿ ಎಂಟು ಮಕ್ಕಳನ್ನು ನಿಲ್ಲಿಸಿ ಬುಟ್ಟಿ ತುಂಬ ಚೆಂಡು ಹೊಡೆಸಿದರೆ ಅಂಗಳದ ಖರ್ಚು ಹುಟ್ಟುತ್ತದೆ. ಹತ್ತೊಂಬತ್ತರ ಹುಡುಗನಿಗೆ ಬುಟ್ಟಿಯ ಚೆಂಡು ಸಾಲದು. ಬೆಳಿಗ್ಗೆ ಎರಡೂವರೆ ಗಂಟೆ ಒಂದಿಡೀ ಅಂಗಳ ಬೇಕು. ಎದುರಿಗೆ ತನಗಿಂತ ಸ್ವಲ್ಪ ಜೋರಾಗಿ ಹೊಡೆಯುವವನು ಬೇಕು, ದೇಹಸಾಮರ್ಥ್ಯ ನೋಡಿಕೊಳ್ಳಲು ಇನ್ನೊಬ್ಬರು ಬೇಕು, ವಾರಕ್ಕೆ ಮೂರು ಸಲವಾದರೂ ಲೆಕ್ಕಕ್ಕೆ ಬರುವಂಥ ಪಂದ್ಯ ಬೇಕು, ಊರೂರಿಗೆ ಜೊತೆಯಲ್ಲಿ ಬರುವ ಕೋಚ್ ಬೇಕು. ಎಂಟು ಮಕ್ಕಳ ಜಾಗವನ್ನು ಒಬ್ಬನೇ ಹಿಡಿಯುವ ಇಂಥ ಶಿಷ್ಯನನ್ನು ಇಟ್ಟುಕೊಳ್ಳುವ ಶಕ್ತಿ ಎಷ್ಟು ಅಕಾಡೆಮಿಗಳಿಗಿದೆ? ಆದ್ದರಿಂದ ಅವನು ಹಳೆಯ ಜಾಗದಲ್ಲೇ ಉಳಿದು ಹದಿಮೂರರ ಮಕ್ಕಳಿಗೆ ಚೆಂಡು ಒದಗಿಸುತ್ತಾನೆ. ಆರು ತಿಂಗಳಲ್ಲಿ ಅರ್ಧ ಆಟಗಾರ, ಅರ್ಧ ಸಹಾಯಕ ಕೋಚ್ ಆಗಿರುತ್ತಾನೆ.

ಮದುವೆ ಮನೆಯಲ್ಲಿ ಸಿಕ್ಕ ನೆಂಟರು ಬೇರೆ. "ಮಗ ಏನು ಮಾಡ್ತಿದಾನೆ?" "ಟೆನಿಸ್ ಆಡ್ತಾನೆ." "ಅದು ಸರಿ, ಓದೋದು ಏನು?"

ಜೂನಿಯರ್ ಹಂತದ ಗೆಲುವು ಮುಂದಿನ ಗೆಲುವಿಗೆ ರಹದಾರಿಯಲ್ಲ ಎನ್ನುವುದಕ್ಕೆ ನಮ್ಮಲ್ಲೇ ಉದಾಹರಣೆಗಳಿವೆ. ಯೂಕಿ ಭಾಂಬ್ರಿ 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಬಾಲಕರ ಪ್ರಶಸ್ತಿ ಗೆದ್ದು ಜೂನಿಯರ್ ವಿಭಾಗದಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದವರು. ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತ್ಯುನ್ನತ ಸ್ಥಾನ 83. ಅದು ಬಂದದ್ದು 2018ರಲ್ಲಿ, ನಡುವೆ ಗಾಯಗಳ ಸರಮಾಲೆಯೇ ಇತ್ತು. ಜೂನಿಯರ್ ಒಂದನೇ ಸ್ಥಾನಕ್ಕೂ ಎಂಬತ್ತಮೂರನೇ ಸ್ಥಾನಕ್ಕೂ ನಡುವೆ ಒಂಬತ್ತು ವರ್ಷ. ಯೂಕಿಯಂಥವರ ಕಥೆಯೇ ಹೀಗಾದರೆ ರಾಜ್ಯಮಟ್ಟದ ಫೈನಲ್ ಆಡಿದ ಹುಡುಗನ ಪಾಡೇನು?

ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2013ರ ಅಂಕಿ ಅಂಶಗಳನ್ನಿಟ್ಟುಕೊಂಡು ಒಂದು ಪರಿಶೀಲನೆ ನಡೆಸಿತ್ತು. ಮೊದಲ ರ‍್ಯಾಂಕಿಂಗ್ ಪಾಯಿಂಟ್ ಪಡೆದ ಆಟಗಾರ ಮೊದಲ ನೂರರೊಳಗೆ ಬರಲು ಸರಾಸರಿ 4.8 ವರ್ಷ ಬೇಕಾಗುತ್ತಿತ್ತು, ಆಟಗಾರ್ತಿಗೆ 4.1 ವರ್ಷ. ಇದು ನೂರರೊಳಗೆ ಬಂದವರ ಲೆಕ್ಕ ಮಾತ್ರ. ಬಾರದವರ ಲೆಕ್ಕ ಇಟ್ಟವರಾರು? ಆಗ ವೃತ್ತಿಪರ ಟೂರ್ನಿಗಳಲ್ಲಿ ಆಡುತ್ತಿದ್ದ ಸುಮಾರು 14 ಸಾವಿರ ಮಂದಿಯಲ್ಲಿ ಅರ್ಧದಷ್ಟು ಜನ ಬಹುಮಾನವಾಗಿ ಒಂದು ಕಾಸನ್ನೂ ಗಳಿಸಿರಲಿಲ್ಲ. ಗಳಿಕೆ ಮತ್ತು ಖರ್ಚು ಸರಿಸಮವಾಗುತ್ತಿದ್ದುದು ಪುರುಷರಲ್ಲಿ 336ನೇ ಸ್ಥಾನದಲ್ಲಿ, ಮಹಿಳೆಯರಲ್ಲಿ 253ನೇ ಸ್ಥಾನದಲ್ಲಿ. ಅದೂ ಕೋಚ್‌ನ ಸಂಬಳ ಬಿಟ್ಟು.

ಕೆಳಗಿನ ಹಂತದ ಪುರುಷರ ಟೂರ್ನಿಯ ಒಟ್ಟು ಬಹುಮಾನ 15 ಸಾವಿರ ಡಾಲರ್. ಕೇಳಲು ದೊಡ್ಡ ಮೊತ್ತವೇ. ಸಿಂಗಲ್ಸ್ ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲಿ ಸೋತವನಿಗೆ ಸಿಗುವುದು 156 ಡಾಲರ್, ತೆರಿಗೆ ಕಳೆಯುವ ಮೊದಲು. ಪಾಯಿಂಟ್ ಸೊನ್ನೆ. ಗೆದ್ದವನಿಗೂ ಎರಡು ಸಾವಿರ ಡಾಲರ್ ಚಿಲ್ಲರೆ. ಬೇರೆ ದೇಶದಲ್ಲಿ ಆಡಿದರೆ ವಿಮಾನದ ಟಿಕೆಟ್, ವೀಸಾ, ಹೋಟೆಲು, ಊಟ, ರ‍್ಯಾಕೆಟ್‌ಗೆ ಗಟ್ ಹಾಕಿಸುವ ಖರ್ಚು ಎಲ್ಲವೂ ಇದರಲ್ಲೇ ಹುಟ್ಟಬೇಕು. 2023ರಲ್ಲಿ ಸುಮಿತ್ ನಾಗಲ್ ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು ಸುಮಾರು 900 ಯೂರೊ ಎಂದು ಬಹಿರಂಗವಾಗಿ ಹೇಳಿದಾಗ ಅನೇಕರು ಬೆಚ್ಚಿದರು. ಆಗ ಅವರು ಭಾರತದ ಅಗ್ರ ಸಿಂಗಲ್ಸ್ ಆಟಗಾರ. ಒಬ್ಬ ಕೋಚ್‌ನೊಂದಿಗೆ ವರ್ಷ ಪೂರ್ತಿ ತಿರುಗಲು 80 ಲಕ್ಷದಿಂದ ಒಂದು ಕೋಟಿ ರೂಪಾಯಿ ಬೇಕೆಂಬುದು ಅವರೇ ಕೊಟ್ಟ ಲೆಕ್ಕ. ಮರುವರ್ಷ ಅವರು 68ನೇ ಸ್ಥಾನ ತಲುಪಿದರು ಎಂಬುದನ್ನೂ ಹೇಳಬೇಕು.

ಇಷ್ಟೆಲ್ಲ ತಿಳಿದ ಮೇಲೂ ಆಡಲೇಬೇಕೆನ್ನುವ ಹುಡುಗ ಹುಡುಗಿಯರಿಗೆ ತೆರೆದಿರುವ ದಾರಿಗಳಲ್ಲಿ ಹೆಚ್ಚು ಭದ್ರವಾದದ್ದು ಅಮೆರಿಕದ ಕಾಲೇಜು ಟೆನಿಸ್. ಅಲ್ಲಿಗೆ ಹೋದವನು ಆಟ ಬಿಟ್ಟಂತೆ ಎಂಬ ಮಾತು ನಮ್ಮಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು, ಈಗಲೂ ಕೆಲವರ ಬಾಯಲ್ಲಿದೆ. ಮಹೇಶ್ ಭೂಪತಿ ಮಿಸಿಸಿಪಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ 1995ರಲ್ಲಿ ಅಲ್ಲಿನ ಅಂತರಕಾಲೇಜು ಡಬಲ್ಸ್ ಪ್ರಶಸ್ತಿ ಗೆದ್ದವರು ಎಂಬುದು ಈ ಮಾತಾಡುವವರಿಗೆ ಮರೆತುಹೋಗಿರುತ್ತದೆ. ಸೋಮ್‌ದೇವ್ ದೇವ್‌ವರ್ಮನ್ ಕಥೆ ಇನ್ನೂ ಸ್ವಾರಸ್ಯಕರ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ 2006ರ ಸಿಂಗಲ್ಸ್ ಫೈನಲ್‌ನಲ್ಲಿ ಸೋತರು. 2007 ಮತ್ತು 2008ರಲ್ಲಿ ಗೆದ್ದರು. 2007ರ ಫೈನಲ್‌ನಲ್ಲಿ ಎದುರಿಗಿದ್ದವರು ಜಾನ್ ಇಸ್ನರ್. ಪದವಿ ಮುಗಿಸಿ ವೃತ್ತಿಗಿಳಿದಾಗ ಸೋಮ್‌ದೇವ್‌ಗೆ 23 ವರ್ಷ. ತಡವಾಯಿತು ಎಂದವರಿದ್ದರು. ಕೆಲವೇ ತಿಂಗಳಲ್ಲಿ, 2009ರ ಜನವರಿಯಲ್ಲಿ, ವೈಲ್ಡ್ ಕಾರ್ಡ್ ಪಡೆದು ಚೆನ್ನೈ ಓಪನ್ ಆಡಿ, ಕಾರ್ಲೋಸ್ ಮೋಯಾ, ಇವೊ ಕಾರ್ಲೊವಿಚ್‌ರಂಥವರನ್ನು ಮಣಿಸಿ ಫೈನಲ್ ತಲುಪಿದರು. 2010ರಲ್ಲಿ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕ್ರೀಡಾಕೂಟಗಳೆರಡರಲ್ಲೂ ಚಿನ್ನ. 2011ರಲ್ಲಿ 62ನೇ ಸ್ಥಾನ.

ಅಲ್ಲಿ ಸಿಗುವುದು ವಿದ್ಯಾರ್ಥಿವೇತನ ಒಂದೇ ಅಲ್ಲ. ನಮ್ಮ ಹುಡುಗನಿಗೆ ಇಲ್ಲಿ ಇಲ್ಲದಿರುವುದೇ ಅಲ್ಲಿ ಹೇರಳ: ಒಂದೇ ಸೂರಿನಡಿ ಎಂಟು ಹತ್ತು ಮಂದಿ ಸರಿಸಮಾನ ಆಟಗಾರರು, ಒಳಾಂಗಣ ಅಂಗಳ, ಫಿಸಿಯೊ, ಋತುವಿಡೀ ಪಂದ್ಯ. ತಂಡಕ್ಕಾಗಿ ಆಡುವಾಗ ಪಕ್ಕದ ಅಂಗಳದಿಂದ ಕೂಗು ಕೇಳಿಸುತ್ತದೆ. ಒಂಟಿಯಾಗಿ ಸೋತು ಹೋಟೆಲಿಗೆ ಹೋಗಿ ಮಲಗುವ ಬದುಕಿಗಿಂತ ಅದು ಎಷ್ಟೋ ಮೇಲು. 2023ರಿಂದ ಕಾಲೇಜು ರ‍್ಯಾಂಕಿಂಗ್‌ನ ಮೊದಲ ಇಪ್ಪತ್ತು ಪುರುಷ ಆಟಗಾರರಿಗೆ ಚಾಲೆಂಜರ್ ಟೂರ್ನಿಗಳಲ್ಲಿ ನೇರ ಅವಕಾಶ ಕೊಡುವ ಏರ್ಪಾಡೂ ಬಂದಿದೆ. 2025ರ ಅಕ್ಟೋಬರಿನಲ್ಲಿ ಶಾಂಘೈ ಮಾಸ್ಟರ್ಸ್ ಫೈನಲ್ ಆಡಿದ ಇಬ್ಬರೂ, ವ್ಯಾಲೆಂಟಿನ್ ವಾಷರೊ ಮತ್ತು ಆರ್ಥರ್ ರಿಂಡರ್ಕ್ನೆಷ್, ಟೆಕ್ಸಾಸ್‌ನ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಓದಿ ಆಡಿದವರು. ಸಾಲದ್ದಕ್ಕೆ ಸೋದರ ಸಂಬಂಧಿಗಳು. ಅರ್ಹತಾ ಸುತ್ತಿನಿಂದ ಬಂದು ಗೆದ್ದ ವಾಷರೊಗೆ ಆಗ 26 ವರ್ಷ, ರ‍್ಯಾಂಕಿಂಗ್ 204.

ತೊಡಕುಗಳಿಲ್ಲವೆಂದಲ್ಲ. ಬಹುಕಾಲ ಅಲ್ಲಿನ ಮೊದಲ ದರ್ಜೆಯ ಮಹಿಳಾ ತಂಡಕ್ಕೆ 8 ಪೂರ್ಣ ವಿದ್ಯಾರ್ಥಿವೇತನಗಳಿದ್ದರೆ ಪುರುಷರ ತಂಡಕ್ಕೆ ಇದ್ದದ್ದು ನಾಲ್ಕೂವರೆ. ಅದನ್ನೇ ಎಂಟು ಹತ್ತು ಜನರಿಗೆ ಹರಿದು ಹಂಚಬೇಕಿತ್ತು. ಈ ಮಿತಿಗಳು 2025ರಲ್ಲಿ ಬದಲಾದವು. ಅದರ ಜೊತೆಗೇ ಖರ್ಚು ತಾಳಲಾರದೆ ಕೆಲವು ವಿಶ್ವವಿದ್ಯಾಲಯಗಳು ಟೆನಿಸ್ ತಂಡವನ್ನೇ ಮುಚ್ಚಿದವು. ಪಿ.ಯು.ಸಿ. ನಂತರ ಒಂದೆರಡು ವರ್ಷ ಟೂರ್ನಿ ಆಡಿ ನೋಡೋಣ, ಆಗದಿದ್ದರೆ ಕಾಲೇಜು ಇದ್ದೇ ಇದೆ ಎಂದುಕೊಳ್ಳುವವರು ಹೆಚ್ಚು ಮೋಸ ಹೋಗುವುದು ಇಲ್ಲೇ. ತಡ ಮಾಡಿದಷ್ಟೂ ಅಲ್ಲಿ ಆಡಬಹುದಾದ ವರ್ಷಗಳು ಕಡಿತವಾಗುವ ನಿಯಮ ಇದೆ. ನಿಯಮಗಳು ಪದೇ ಪದೇ ಬದಲಾಗುವುದರಿಂದ ಏಜೆಂಟರ ಮಾತು ನಂಬುವುದಕ್ಕಿಂತ ಆಯಾ ವಿಶ್ವವಿದ್ಯಾಲಯದ ಕೋಚ್‌ಗೇ ನೇರವಾಗಿ ಬರೆದು ಕೇಳುವುದು ಲೇಸು. ಪಂದ್ಯದ ವಿಡಿಯೊ ಜೊತೆಗೆ ಕಳಿಸಬೇಕು, ಸೋತ ಪಂದ್ಯವಾದರೂ ಅಡ್ಡಿಯಿಲ್ಲ.

ಎರಡನೆಯದು ಯೂರೋಪಿನ ದಾರಿ. ರಾಮಕುಮಾರ್ ರಾಮನಾಥನ್ ಬಾರ್ಸಿಲೋನಾದ ಸಾಂಚೆಜ್-ಕಸಾಲ್ ಅಕಾಡೆಮಿಯಲ್ಲಿ ಪಳಗಿದವರು. ಚೆನ್ನೈನ ಪ್ರಜ್ಞೇಶ್ ಗುಣೇಶ್ವರನ್ ಜರ್ಮನಿಯಲ್ಲಿ, ಹಿಂದಿನ ಆಟಗಾರ ಅಲೆಕ್ಸಾಂಡರ್ ವಾಸ್ಕೆ ಅವರ ಕೇಂದ್ರದಲ್ಲಿ. ಪ್ರಜ್ಞೇಶ್ ಅವರನ್ನು ಈ ವಿಷಯದಲ್ಲಿ ವಿಶೇಷವಾಗಿ ನೆನೆಯಬೇಕು. ಮಂಡಿಯ ಗಾಯಗಳಿಂದ ಇಪ್ಪತ್ತರ ಹರೆಯದ ಒಳ್ಳೆಯ ವರ್ಷಗಳೆಲ್ಲ ಕಳೆದುಹೋಗಿದ್ದವು. ಬೇರೆಯವರಾಗಿದ್ದರೆ ಎಂ.ಬಿ.ಎ. ಸೇರುತ್ತಿದ್ದರು. ಅವರು 2018ರಲ್ಲಿ ಬೆಂಗಳೂರು ಚಾಲೆಂಜರ್ ಗೆದ್ದರು, 2019ರಲ್ಲಿ 29ನೇ ವಯಸ್ಸಿನಲ್ಲಿ 75ನೇ ಸ್ಥಾನಕ್ಕೆ ಬಂದರು. ಈ ದಾರಿ ದುಬಾರಿ. ಅಲ್ಲಿನ ಜೇಡಿಮಣ್ಣಿನ ಅಂಗಳ, ರೈಲಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ವಾರಕ್ಕೊಂದು ಟೂರ್ನಿ, ಬೇಸಿಗೆಯಲ್ಲಿ ಹಣ ಕೊಟ್ಟು ಆಡಿಸುವ ಜರ್ಮನಿಯ ಕ್ಲಬ್ ಲೀಗ್, ಇವೆಲ್ಲ ಅನುಕೂಲಗಳೇ. ಆದರೂ ಷೆಂಗನ್ ವೀಸಾದ ತೊಂಬತ್ತು ದಿನಗಳ ಲೆಕ್ಕ ಇಡುತ್ತಾ ಆಡಬೇಕಾದ ಹುಡುಗನಿಗೆ ಫೋರ್‌ಹ್ಯಾಂಡ್‌ಗಿಂತ ಕ್ಯಾಲೆಂಡರಿನ ಚಿಂತೆಯೇ ಹೆಚ್ಚು.

ಊರಲ್ಲೇ ಉಳಿದು ಬೆಳೆಯಲಾಗದೇ? ಆಗುತ್ತದೆ, ನಿಧಾನವಾಗಿ. ಅಂಕಿತಾ ರೈನಾ ಅಹಮದಾಬಾದಿನಿಂದ ಪುಣೆಗೆ ಬಂದು ಹೇಮಂತ್ ಬೇಂದ್ರೆ ಅವರ ಬಳಿ ಕಲಿತವರು, ಒ.ಎನ್.ಜಿ.ಸಿ. ಕೆಲಸದ ಆಸರೆಯಿತ್ತು, 2020ರಲ್ಲಿ 160ನೇ ಸ್ಥಾನ ಮುಟ್ಟಿದರು. ಹಾಗೆ ನೋಡಿದರೆ ಹುಡುಗಿಯರ ಪಾಡು ಇನ್ನೂ ಕಷ್ಟ. ಹದಿನೆಂಟರ ನಂತರ ಒಟ್ಟಿಗೆ ಅಭ್ಯಾಸ ಮಾಡಲು ಊರಲ್ಲಿ ಇನ್ನೊಬ್ಬ ಸಮಜೋಡಿ ಹುಡುಗಿ ಸಿಗುವುದೇ ಅಪರೂಪ, ಟೂರ್ನಿಗೆ ಒಬ್ಬಳನ್ನೇ ಕಳಿಸಲು ಮನೆಯವರಿಗೆ ಭಯ, ಎರಡು ಟಿಕೆಟ್ಟಿನ ಖರ್ಚು. ಹೈದರಾಬಾದಿನ ಸಹಜಾ ಯಮಲಪಲ್ಲಿ ಅಮೆರಿಕದ ಸ್ಯಾಮ್ ಹೂಸ್ಟನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಆಡಿ, ನಂತರ ದೇಶದ ಅಗ್ರ ಸಿಂಗಲ್ಸ್ ಆಟಗಾರ್ತಿಯಾದದ್ದನ್ನು ನೋಡಿದರೆ, ಮೊದಲು ಹೇಳಿದ ದಾರಿ ಹುಡುಗಿಯರಿಗೇ ಹೆಚ್ಚು ಒಪ್ಪುತ್ತದೆ ಎನಿಸುತ್ತದೆ.

ಕರ್ನಾಟಕದಲ್ಲಿ 2023ರಲ್ಲಿ ಮೈಸೂರು, ಧಾರವಾಡ, ಕಲಬುರಗಿಗಳಲ್ಲಿ ಪುರುಷರ ಅಂತರರಾಷ್ಟ್ರೀಯ ಟೂರ್ನಿಗಳು ನಡೆದವು. ಇದು ದೊಡ್ಡ ಉಪಕಾರ. ರಾತ್ರಿ ಬಸ್ಸು ಹತ್ತಿ ಹೋಗಿ ಅರ್ಹತಾ ಸುತ್ತು ಆಡಿ, ಸೋತರೆ ಮರುದಿನ ಅದೇ ಅಂಗಳದಲ್ಲಿ ಹೊರದೇಶದವರ ಜೊತೆ ಅಭ್ಯಾಸ ಮಾಡಿ ಬರಬಹುದು. ಹಾಗೆ ಕೇಳಲು ನಮ್ಮ ಹುಡುಗರಿಗೆ ಸಂಕೋಚ. ಕೇಳಿದರೆ ಬಹುತೇಕ ಯಾರೂ ಇಲ್ಲ ಎನ್ನುವುದಿಲ್ಲ. ಹಳೆಯ ಕ್ಲಬ್ಬುಗಳ ಮಾರ್ಕರ್‌ಗಳನ್ನೂ ಮರೆಯಬಾರದು. ಚೆಂಡು ಹೆಕ್ಕುವ ಹುಡುಗರಾಗಿ ಬಂದು, ಸದಸ್ಯರ ಜೊತೆ ಆಡುತ್ತಾ ಆಡುತ್ತಾ ಎದುರಾಳಿಯನ್ನು ಓದುವ ವಿದ್ಯೆ ಕಲಿತ ಇವರಲ್ಲಿ ಒಬ್ಬೊಬ್ಬರು, ಜೂನಿಯರ್ ಚಾಂಪಿಯನ್ನನನ್ನು ಸ್ಲೈಸ್ ಒಂದರಿಂದಲೇ ಅರ್ಧ ಗಂಟೆ ಓಡಾಡಿಸಬಲ್ಲರು. ಬೆಳಗಿನ ಹತ್ತರಿಂದ ಹನ್ನೆರಡರವರೆಗೆ ಅವರಿಗೂ ಬಿಡುವು, ಅಂಗಳವೂ ಖಾಲಿ.

ಇಲ್ಲಿನ ಕಾಲೇಜುಗಳದು ಬೇರೆ ಕಥೆ. ಅಂತರ ವಿಶ್ವವಿದ್ಯಾಲಯ ಟೂರ್ನಿ ವರ್ಷಕ್ಕೊಮ್ಮೆ. ಹಾಜರಾತಿಯ ಕಾಟ ವರ್ಷವಿಡೀ. ಅಂಚೆ ತೆರಪಿನ ಶಿಕ್ಷಣ ಹಿಡಿದು ಆಡುವವರು ಹೆಚ್ಚುತ್ತಿರುವುದು ಇದಕ್ಕೇ.

ಹೊಸ ಅಕಾಡೆಮಿಗೆ ಸೇರಿಸುವ ಮುನ್ನ ತಂದೆ ತಾಯಿ ಸಾಮಾನ್ಯವಾಗಿ ಕೇಳುವುದು ಶುಲ್ಕ ಎಷ್ಟು, ಕೋಚ್ ಯಾರು, ಹಾಸ್ಟೆಲ್ ಊಟ ಹೇಗೆ. ಕೇಳಬೇಕಾದ ಪ್ರಶ್ನೆ ಬೇರೆ: ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಹುಡುಗನ ಎದುರು ನೆಟ್‌ನ ಆ ಕಡೆ ನಿಲ್ಲುವವರು ಯಾರು? ಆ ವ್ಯಕ್ತಿಯ ಹೆಸರು ಹೇಳಲಿ, ರ‍್ಯಾಂಕಿಂಗ್ ಹೇಳಲಿ, ವರ್ಷದಲ್ಲಿ ಎಷ್ಟು ವಾರ ಊರಲ್ಲಿರುತ್ತಾನೆ ಹೇಳಲಿ. ಕೋಚ್ ಎಷ್ಟು ವಾರ ಟೂರ್ನಿಗೆ ಜೊತೆಯಲ್ಲಿ ಬರುತ್ತಾರೆ, ಆ ಖರ್ಚನ್ನು ಎಷ್ಟು ಜನ ಹಂಚಿಕೊಳ್ಳುತ್ತಾರೆ, ಕಳೆದ ಮೂರು ವರ್ಷಗಳಲ್ಲಿ ಹತ್ತೊಂಬತ್ತು ದಾಟಿದ ಎಷ್ಟು ಮಂದಿ ಅಲ್ಲಿ ಉಳಿದಿದ್ದಾರೆ ಎಂಬುದನ್ನೂ ಕೇಳಲಿ. ಗೋಡೆಯ ಮೇಲೆ ತೂಗುಹಾಕಿರುವ ಫೋಟೋಗಳಲ್ಲಿ ಬಹುಪಾಲು ಹದಿನಾಲ್ಕರೊಳಗಿನವರದೇ ಆಗಿದ್ದರೆ, ಶುಲ್ಕ ಕಟ್ಟುವ ಮೊದಲು ಒಂದು ವಾರ ಬರೀ ನೋಡಲು ಬರುತ್ತೇವೆ ಎಂದು ಹೇಳಿ ಹೊರಟುಬರಬಹುದು.