ತಪ್ಪಿಗೊಂದು ಕ್ರಮಸಂಖ್ಯೆ

ತಾಳೆಗರಿಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರನು ತನ್ನ ಕೈತಪ್ಪುಗಳನ್ನು ಮನ್ನಿಸಿ, ತಿದ್ದಿ ಓದಬೇಕೆಂದು ಬಿನ್ನವಿಸುವ ವಾಡಿಕೆಯೊಂದುಂಟು. ನಾವಿರುವ ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಕನ್ನಡದ ಓಲೆಗಳೂ ಇವೆ. ಅಂಥ ಓಲೆಗಳನ್ನು ನೆನೆದಾಗಲೆಲ್ಲ ನಮ್ಮನ್ನು ಕಾಡುವ ಪ್ರಶ್ನೆ ಒಂದೇ: ತಿದ್ದಿ ಓದಿದವರು ಏನನ್ನು ತಿದ್ದಿದರು, ಏಕೆ ತಿದ್ದಿದರು? ಬಹುಪಾಲು ತಿದ್ದುಪಡಿಗಳು ಓದುಗನೊಂದಿಗೇ ಹೊರಟುಹೋದವು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ನಮೂದಿಸುವ ಗ್ರಂಥಸಂಪಾದನೆಯ ಶಿಸ್ತು ಬಂದ ಮೇಲೆಯೇ ತಪ್ಪಿಗೂ ಒಂದು ವಿಳಾಸ ದೊರೆಯಿತು.

ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಪುಸ್ತಕಗಳನ್ನು ಯೂನಿಕೋಡಿನಲ್ಲಿ ಬೆರಳಚ್ಚಿಸುವ ಚಿಕ್ಕ ಬಳಗ ನಮ್ಮದು. ಕಚೇರಿ ಮುಗಿಸಿ ಬಂದವರು, ನಿವೃತ್ತರು, ಇಬ್ಬರು ವಿದ್ಯಾರ್ಥಿಗಳು. ಕರಡಚ್ಚಿನ ತಪ್ಪುಗಳು ಮೊದಲು ವಾಟ್ಸಾಪಿನಲ್ಲಿ ಬರುತ್ತಿದ್ದವು. ಹಬ್ಬದ ಶುಭಾಶಯಗಳ ಅಡಿಯಲ್ಲಿ ಹೂತುಹೋಗುತ್ತಿದ್ದವು. ಆದುದರಿಂದ ತಂತ್ರಾಂಶ ತಯಾರಕರು ಬಳಸುವ ದೋಷದಾಖಲೆಯ ವ್ಯವಸ್ಥೆಯನ್ನೇ, ಅಂದರೆ ಬಗ್ ಟ್ರ್ಯಾಕರನ್ನೇ, ಬಾಡಿಗೆಯ ಸರ್ವರೊಂದರಲ್ಲಿ ಸ್ಥಾಪಿಸಿದೆವು. ನಾವು ಆರಿಸಿಕೊಂಡದ್ದು 1998ರಲ್ಲಿ ಮೊಜಿಲ್ಲಾ ಯೋಜನೆಗಾಗಿ ಟೆರ್ರಿ ವೈಸ್‌ಮನ್ ರಚಿಸಿದ ಬಗ್‌ಜಿಲ್ಲಾ. ಅದರ ಸ್ಥಾಪನೆ ನಮಗೆ ಅಂಜಿಸಿದಷ್ಟು ಕಠಿಣವಾಗಲಿಲ್ಲ. ಚೆಕ್‌ಸೆಟಪ್ ಎಂಬ ಪರ್ಲ್ ಕಡತವನ್ನು ಮೊದಲ ಸಲ ನಡೆಸಿದರೆ ಕೊರತೆಯಿರುವ ಘಟಕಗಳನ್ನು ಹೇಳಿ, ಸಂರಚನೆಯ ಕಡತವೊಂದನ್ನು ಬರೆದುಕೊಡುತ್ತದೆ. ಅದರಲ್ಲಿ ದತ್ತಾಂಶಕೋಶದ ಹೆಸರು, ಬಳಕೆದಾರ, ಗುಪ್ತಪದಗಳನ್ನು ತುಂಬಿ ಮತ್ತೆ ನಡೆಸಿದರೆ ಕೋಷ್ಟಕಗಳು ಸಿದ್ಧವಾಗುತ್ತವೆ. ಆಡಳಿತಗಾರನ ಖಾತೆ ತೆರೆಯುತ್ತದೆ. ಪ್ರತಿ ಪುಸ್ತಕವೂ ಒಂದು 'ಉತ್ಪನ್ನ', ಪ್ರತಿ ಅಧ್ಯಾಯವೂ ಒಂದು 'ಘಟಕ', ಪ್ರತಿ ತಪ್ಪಿಗೂ ಒಂದು ಕ್ರಮಸಂಖ್ಯೆ.

ತಿರುವಾನ್ಮಿಯೂರಿನಲ್ಲಿರುವ ನಮ್ಮ ಹಿರಿಯರೊಬ್ಬರು ಮೂರು ತಿಂಗಳು ಕುಳಿತು, ಮೂಲದೊಡನೆ ಸಾಲುಸಾಲಾಗಿ ಹೋಲಿಸಿ, ಸುಮಾರು ಇನ್ನೂರು ದೋಷಗಳನ್ನು ದಾಖಲಿಸಿದರು. ಎಲ್ಲಿ ಒತ್ತಕ್ಷರ ಬಿದ್ದುಹೋಗಿದೆ, ಎಲ್ಲಿ ಅಲ್ಪಪ್ರಾಣ ಮಹಾಪ್ರಾಣವಾಗಿದೆ ಎಂಬುದರ ಜೊತೆಗೆ, ಯಾವ ರೂಪವನ್ನು ಏಕೆ ಉಳಿಸಿಕೊಳ್ಳಬೇಕೆಂಬ ವಿವೇಚನೆಯೂ ಅದರಲ್ಲಿತ್ತು. ಆಗ ಸರ್ವರನ್ನು ಬದಲಿಸಬೇಕಾಗಿ ಬಂತು. ಪ್ರತಿಯನ್ನು ತೆಗೆಯಲು ಎಲ್ಲಿಯೋ ಓದಿದ ಹಳೆಯ ಆಜ್ಞೆಯೊಂದನ್ನು ಕಣ್ಣುಮುಚ್ಚಿ ನಕಲು ಮಾಡಿದೆವು. ಅಕ್ಷರಸಂಕೇತದ ಜಾಗದಲ್ಲಿ ಅದರಲ್ಲಿ ಲ್ಯಾಟಿನ್1 ಎಂದಿತ್ತು. ಹೊಸ ಸರ್ವರಿನಲ್ಲಿ ನಾವೇ ಇಂಗ್ಲಿಷಿನಲ್ಲಿ ಬರೆದಿದ್ದ ಮೊದಲ ದಾಖಲೆಯನ್ನು ತೆರೆದು ನೋಡಿದೆವು. ಸರಿಯಾಗಿತ್ತು. ಹಳೆಯದನ್ನು ಅಳಿಸಿದೆವು. ಮರುದಿನ ಹಿರಿಯರು ಫೋನು ಮಾಡಿ, "ನನ್ನ ಬರವಣಿಗೆಯೆಲ್ಲ ಪ್ರಶ್ನೆಚಿಹ್ನೆಗಳಾಗಿವೆಯಲ್ಲ, ಸ್ವಾಮಿ?" ಎಂದರು. ಕ್ರಮಸಂಖ್ಯೆ, ದಿನಾಂಕ, ಹೊಣೆಗಾರರ ಹೆಸರು, ಎಲ್ಲವೂ ಅಚ್ಚುಕಟ್ಟಾಗಿದ್ದವು. ತಪ್ಪು ಯಾವುದೆಂಬ ಮಾತೊಂದೇ ಉಳಿದಿರಲಿಲ್ಲ.

ಲ್ಯಾಟಿನ್1 ಎಂಬುದು ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರಗಳಿಗಷ್ಟೇ ಸಾಲುವ ಮನೆ. ಅಲ್ಲಿ ಸ್ಥಳವಿಲ್ಲದ ಅಕ್ಷರ ಪ್ರಶ್ನೆಚಿಹ್ನೆಯಾಗುತ್ತದೆ. ಒಮ್ಮೆ ಆದರೆ ಮರಳಿ ಬಾರದು. 2018ರಲ್ಲಿ ಬಂದ 8.0 ಆವೃತ್ತಿಯವರೆಗೂ ಮೈಎಸ್‌ಕ್ಯೂಎಲ್‌ನಲ್ಲಿ ನಾವು ಬೇರೇನನ್ನೂ ಹೇಳದಿದ್ದರೆ ದೊರೆಯುತ್ತಿದ್ದುದು ಈ ಮನೆಯೇ. ಅದರ ಹಳೆಯ 'ಯುಟಿಎಫ್8' ಒಂದು ಸಂಕೇತಕ್ಕೆ ಮೂರು ಬೈಟುಗಳವರೆಗೆ ಮಾತ್ರ ಸ್ಥಳ ಕೊಡುತ್ತಿತ್ತು. ಕನ್ನಡಕ್ಕೆ ಅಷ್ಟು ಸಾಕು. ಆದರೆ ಗ್ರಂಥ ಲಿಪಿಗೂ, 2024ರಲ್ಲಿ ಯೂನಿಕೋಡಿಗೆ ಸೇರಿದ ತುಳು-ತಿಗಳಾರಿಗೂ ನಾಲ್ಕು ಬೈಟುಗಳು ಬೇಕು. ಹಳೆಯ ಪಠ್ಯಗಳೊಡನೆ ವ್ಯವಹರಿಸುವವರು ಮೊದಲ ದಿನವೇ 'ಯುಟಿಎಫ್8ಎಂಬಿ4' ಎಂದು ನಮೂದಿಸುವುದು ಲೇಸು.

ನಾಲ್ಕು ಮಂದಿಯ ಬಳಗಕ್ಕೆ ಇಷ್ಟು ಸನ್ನಾಹವೇಕೆ, ಒಂದು ಎಕ್ಸೆಲ್ ಹಾಳೆ ಸಾಲದೇ ಎಂದು ಕೇಳುವವರಿದ್ದಾರೆ. ಇಬ್ಬರೇ ಇದ್ದರೆ ಸಾಕೆಂದು ನಾವೂ ಒಪ್ಪುತ್ತೇವೆ. ಆದರೆ ಎಂಟು ಜನ ತಿದ್ದತೊಡಗಿದಾಗ ಹಾಳೆಯಲ್ಲಿ ಉಳಿಯುವುದು ಕೊನೆಯವರ ಅಭಿಪ್ರಾಯ ಮಾತ್ರ. ಕಡತಗಳ ನಡುವೆ ಬದುಕುವ ನಮ್ಮಂಥ ಸರ್ಕಾರಿ ನೌಕರರಿಗೆ ಟಿಪ್ಪಣಿ ಹಾಳೆಯ ಬೆಲೆ ಗೊತ್ತು: ಮೇಲಧಿಕಾರಿ ಒಪ್ಪದಿದ್ದರೂ ಕೆಳಗಿನವರ ಟಿಪ್ಪಣಿಯನ್ನು ಹರಿಯುವಂತಿಲ್ಲ. ದೋಷದಾಖಲೆಯಲ್ಲಿಯೂ ತಿರಸ್ಕೃತವಾದ ವಾದವು ತನ್ನ ಕಾರಣದೊಡನೆ ಉಳಿಯುತ್ತದೆ. ಮುಂದೆ ಬರುವ ಓದುಗನಿಗೆ ಅದು ನಮ್ಮ ತೀರ್ಮಾನಕ್ಕಿಂತ ಹೆಚ್ಚು ಉಪಯುಕ್ತವಾಗಬಹುದು.

ಆ ಘಟನೆಯ ಹೊಣೆ ತಂತ್ರಾಂಶದ್ದಲ್ಲ, ನಮ್ಮದು. ಕನ್ನಡದ ಕೆಲಸಕ್ಕೆಂದೇ ಹೂಡಿದ ವ್ಯವಸ್ಥೆಯನ್ನು ನಾವು ಇಂಗ್ಲಿಷಿನಲ್ಲಿ ಪರೀಕ್ಷಿಸಿದೆವು. ಹೊರನಾಡಿನಲ್ಲಿ ಬಹುಕಾಲ ಇದ್ದವರಿಗೆ ಇದು ಎಷ್ಟು ಸಹಜವಾಗಿ ಬರುತ್ತದೆಂದರೆ, ಹಿರಿಯರು ಫೋನು ಮಾಡುವವರೆಗೂ ನಮಗದು ತಪ್ಪೆಂದು ಹೊಳೆದಿರಲಿಲ್ಲ. ಯಂತ್ರದ ಮುಂದೆ ಕುಳಿತ ಕೂಡಲೇ ಕನ್ನಡ ನಮಗೆ ಎರಡನೆಯ ಪರೀಕ್ಷೆಯಾಗುತ್ತದೆ. ಸಮಯವಿದ್ದರೆ ಮಾಡುವ ಪರೀಕ್ಷೆ.

ಈಗ ನಮ್ಮ ಮೊದಲ ದಾಖಲೆ ಕನ್ನಡದ ಒಂದು ವಾಕ್ಯ. ಅದರಲ್ಲಿ ಅರ್ಕಾವತ್ತು, ಎರಡು ಒತ್ತುಗಳ 'ರಾಷ್ಟ್ರ'ದಂಥ ಸಂಯುಕ್ತ, ಕಣ್ಣಿಗೆ ಕಾಣದ ಜೋಡಕವಿಲ್ಲದೆ ರೂಪ ಕೆಡುವ 'ರ‍್ಯಾಂಕು', ಹಳಗನ್ನಡದ ಱ ಮತ್ತು ೞ ಎಲ್ಲವೂ ಇವೆ. ತಿಂಗಳಿಗೊಮ್ಮೆ ಪ್ರತಿಯನ್ನು ತೆಗೆದು, ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ, ಆ ವಾಕ್ಯವನ್ನು ಗಟ್ಟಿಯಾಗಿ ಓದುತ್ತೇವೆ. ಓದಲಾಗದ ಪ್ರತಿಯನ್ನು ಪ್ರತಿಯೆಂದು ಎಣಿಸುವುದಿಲ್ಲ. ಹಿರಿಯರ ಟಿಪ್ಪಣಿ ಪುಸ್ತಕದಲ್ಲಿ ಅರ್ಧದಷ್ಟು ತಿದ್ದುಪಡಿಗಳು ಸಿಕ್ಕಿದವು. ಉಳಿದವಕ್ಕಾಗಿ ಅವರು ಮೊದಲ ಪುಟದಿಂದ ಮತ್ತೆ ಓದತೊಡಗಿದ್ದಾರೆ. ಭಾನುವಾರಗಳಂದು ನಾವು ಎದುರು ಕುಳಿತು ಮೂಲವನ್ನು ಹಿಡಿಯುತ್ತೇವೆ.