ಕಟ್ಟಿಗೆ ಸೀಳುವ ಕೊಡಲಿಗೂ ಲಕ್ಷ್ಯ ಕೊಡಿರಿ



ಹೊಲಕ್ಕೆ ಬೇಕಾದ ಸಲಕರಣೆಯನ್ನು ಕೊಳ್ಳುವಾಗ ನೀವು ನಾಲ್ಕು ಕಡೆ ವಿಚಾರಿಸುತ್ತೀರಿ. ಕೂರಿಗೆಯ ತಾಳುಗಳ ಅಂತರ ಎಷ್ಟಿರಬೇಕು, ಕುಂಟೆಯ ಕುಡ ಎಷ್ಟು ಉದ್ದವಿರಬೇಕು, ಸಿಂಪರಣಾ ಯಂತ್ರಕ್ಕೆ ಯಾವ ಮೂತಿ ಒಳ್ಳೆಯದು ಎಂದು ಕೇಳಿ ತಿಳಿದೇ ಹಣ ಬಿಚ್ಚುತ್ತೀರಿ. ಆದರೆ ಹಿತ್ತಿಲಲ್ಲಿ ಬಿದ್ದಿರುವ ಕಟ್ಟಿಗೆ ಕೊಡಲಿಯ ಬಗ್ಗೆ ಎಂದಾದರೂ ವಿಚಾರಿಸಿದ್ದೀರಾ? ಇದರಲ್ಲಿ ತಪ್ಪು ನಿಮ್ಮದೊಂದೇ ಅಲ್ಲ. ಊರೂರು ತಿರುಗಿ ಬೀಜ, ಗೊಬ್ಬರ, ಔಷಧಿಗಳ ಬಗ್ಗೆ ಹೇಳುವ ನಾವೂ ಈ ವಿಷಯಕ್ಕೆ ಬಾಯಿ ತೆರೆದಿಲ್ಲ.

ಧಾರವಾಡದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿರುವ ಅಮ್ಮಿನಬಾವಿ ಎರೆಭೂಮಿಯ ಊರು. ಕಳೆದ ಮಾಗಿಯಲ್ಲಿ ಕಡಲೆ ಬೆಳೆ ನೋಡಲು ಅಲ್ಲಿಗೆ ಹೋಗಿದ್ದೆ. ಹೊಲ ಸುತ್ತಿ ಬಂದು ರೈತರೊಬ್ಬರ ಕಟ್ಟೆಯ ಮೇಲೆ ಕುಳಿತು ಕಾಯಿಕೊರಕದ ಹತೋಟಿಯ ಬಗ್ಗೆ ಮಾತನಾಡುತ್ತಿದ್ದೆವು. ಹಿತ್ತಿಲ ಕಡೆಯಿಂದ ಕೊಡಲಿ ಪೆಟ್ಟಿನ ಸಪ್ಪಳ ಕೇಳುತ್ತಲೇ ಇತ್ತು, ನಿಲ್ಲಲೊಲ್ಲದು. ಹೋಗಿ ನೋಡಿದೆ. ಮನೆಯ ಗೃಹಿಣಿ ಒಂದು ಜಾಲಿ ಕೊರಡಿನ ಜೊತೆ ಸೆಣಸುತ್ತಿದ್ದರು. ನಾನು ನಿಂತ ಮೇಲೆಯೇ 20ಕ್ಕೂ ಹೆಚ್ಚು ಪೆಟ್ಟು ಬಿದ್ದವು, ಕೊರಡು ಸೀಳಲಿಲ್ಲ. ಕೊಡಲಿಯ ಬಾಯಿ ಕಟ್ಟಿಗೆಯಲ್ಲಿ ಸಿಕ್ಕಿಕೊಳ್ಳುವುದು, ಅವರು ಕಾಲಿನಿಂದ ಒತ್ತಿ ಹಿಡಿದು ಕೀಳುವುದು, ಇದೇ ನಡೆದಿತ್ತು. ಕಾವು ಸೀಳಿ ತಂತಿ ಸುತ್ತಿದ್ದರು. ಅದು ಬದುವಿನ ಜಾಲಿ ಟೊಂಗೆ ಕಡಿಯಲು ಹಿಂದೆ ಮಾಡಿಸಿದ್ದ ತೆಳುವಾದ ಕೊಡಲಿ.

ಯಜಮಾನರನ್ನು ಕೇಳಿದರೆ, "ಹೊಲದಾಗ ಕೆಲಸಕ್ಕ ಬರವಲ್ದಾಗಿತ್ತು, ಮನಿಗೆ ಸಾಕಂತ ಬಿಟ್ಟೇನ್ರಿ" ಎಂದರು. ಗೃಹಿಣಿ ಹೇಳಿದ್ದು ಬೇರೆ: "ಕಾವು ನನ್ನ ಮುಷ್ಟ್ಯಾಗ ಕೂಡೂದಿಲ್ರಿ."

"ಮನೆಗೆ ಸಾಕು" ಎಂಬ ಆ ಮಾತನ್ನು ನಾವು ಬಿಡಬೇಕು. ಇದೇ ಈ ಲೇಖನದ ಅಭಿಪ್ರಾಯ. ಕಟ್ಟಿಗೆ ಸೀಳುವುದಕ್ಕೆ ಪ್ರತ್ಯೇಕ ಕೊಡಲಿ ಬೇಕು. ಅದನ್ನು ಯಾರು ಎತ್ತುತ್ತಾರೋ ಅವರ ಕೈಗೆ, ತೋಳಿಗೆ ಹೊಂದುವಂತೆ ಮಾಡಿಸಬೇಕು.

ಅನಿಲ ಬಂದ ಮೇಲೂ ಕೊಡಲಿಯೇ?

ಹೀಗೆ ನೀವು ಕೇಳಬಹುದು. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಹಳ್ಳಿಯ ಎಷ್ಟೋ ಅಡುಗೆಮನೆಗಳಿಗೆ ಅನಿಲದ ಒಲೆ ಬಂದಿರುವುದು ನಿಜ, ಸಂತೋಷದ ವಿಷಯ. ಆದರೆ ನಿಮ್ಮ ಮನೆಯನ್ನೇ ನೋಡಿರಿ. ಬಚ್ಚಲ ಹಂಡೆಯ ಕೆಳಗೆ ಉರಿಯುವುದೇನು? ರಾಶಿಯ ದಿನ ಹತ್ತಾರು ಆಳುಗಳಿಗೆ ರೊಟ್ಟಿ ಬಡಿಯುವುದು ಯಾವ ಒಲೆಯ ಮೇಲೆ? ಸಿಲಿಂಡರ್ ತೀರಿ, ಮುಂದಿನದಕ್ಕೆ ಹಣ ಹೊಂದದ ವಾರ ಉರಿಯುವುದೇನು? ಕಟ್ಟಿಗೆ ಮತ್ತು ಕುಳ್ಳು. ಎಲ್ಲಿಯವರೆಗೆ ಕಟ್ಟಿಗೆ ಉರಿಯುತ್ತದೆಯೋ ಅಲ್ಲಿಯವರೆಗೆ ಅದನ್ನು ಯಾರಾದರೂ ಸೀಳಲೇಬೇಕು.

ಬೇಸಾಯಶಾಸ್ತ್ರದವನಾದ ನನಗೆ ಇದರಲ್ಲಿ ಇನ್ನೊಂದು ಕಾಳಜಿಯಿದೆ. ಕಟ್ಟಿಗೆ ಹಸಿಯಾಗಿದ್ದರೆ, ದಪ್ಪಗಿದ್ದರೆ ಒಲೆ ಹತ್ತುವುದಿಲ್ಲ. ಆಗ ಕೈ ಕುಳ್ಳಿನ ಬುಟ್ಟಿಗೆ ಹೋಗುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಶೇ. 0.5ರಷ್ಟು ಸಾರಜನಕವಿರುತ್ತದೆ. ಹೆಕ್ಟೇರಿಗೆ 5 ಟನ್ ಹಾಕಿದರೆ ಸುಮಾರು 25 ಕಿ.ಗ್ರಾಂ. ಸಾರಜನಕ ಹಾಕಿದಂತೆ. ಸಗಣಿಯನ್ನು ಸುಟ್ಟಾಗ ಈ ಸಾರಜನಕವೂ, ಮಣ್ಣನ್ನು ಸಡಿಲಗೊಳಿಸುವ ಸಾವಯವ ಪದಾರ್ಥವೂ ಹೊಗೆಯಾಗಿ ಹೋಗುತ್ತವೆ. ಉಳಿಯುವುದು ಬೂದಿ. ಅದರಲ್ಲಿ ಪೊಟ್ಯಾಷ್, ಸುಣ್ಣ ಇರುತ್ತವೆ ನಿಜ. ಆದರೆ ಮೊದಲೇ ಕ್ಷಾರಗುಣವುಳ್ಳ ನಮ್ಮ ಎರೆಭೂಮಿಗೆ ಬೇಕಾದದ್ದು ಬೂದಿಯಲ್ಲ, ಗೊಬ್ಬರ. ಚೆನ್ನಾಗಿ ಸೀಳಿ ಒಣಗಿಸಿದ ಕಟ್ಟಿಗೆ ಇದ್ದ ಮನೆಯಲ್ಲಿ ಕುಳ್ಳಿನ ಖರ್ಚು ಇಳಿಯುತ್ತದೆ, ತಿಪ್ಪೆ ಬೆಳೆಯುತ್ತದೆ. ಹೀಗೆ ಹಿತ್ತಿಲ ಕೊಡಲಿಗೂ ಹೊಲದ ಫಲವತ್ತತೆಗೂ ಸಂಬಂಧವಿದೆ.

ಕಡಿಯುವುದು ಬೇರೆ, ಸೀಳುವುದು ಬೇರೆ

ಟೊಂಗೆ ಕಡಿಯುವಾಗ ಕೊಡಲಿಯು ಕಟ್ಟಿಗೆಯ ಎಳೆಗಳನ್ನು ಅಡ್ಡಲಾಗಿ ಕತ್ತರಿಸುತ್ತದೆ. ಅದಕ್ಕೆ ತೆಳುವಾದ, ಹರಿತವಾದ ಬಾಯಿ ಬೇಕು. ಸೀಳುವಾಗ ಎಳೆಗಳನ್ನು ಕತ್ತರಿಸುವುದಿಲ್ಲ, ಒಂದರಿಂದ ಒಂದನ್ನು ಅಗಲಿಸುತ್ತೇವೆ. ಅದಕ್ಕೆ ಬೇಕಾದದ್ದು ಬೆಣೆ. ಸೀಳುವ ಕೊಡಲಿಯ ಬಾಯಿಂದ ಕಣ್ಣಿನವರೆಗಿನ ಎರಡು ಪಕ್ಕಗಳು ಉಬ್ಬಿ, ಹಿಂದಕ್ಕೆ ಹೋದಂತೆ ದಪ್ಪವಾಗುತ್ತ ಹೋಗಬೇಕು. ಬಾಯಿ ಹೊಕ್ಕ ಕೂಡಲೇ ಈ ಉಬ್ಬು ಕಟ್ಟಿಗೆಯನ್ನು ಎರಡೂ ಕಡೆಗೆ ತಳ್ಳುತ್ತದೆ, ಬಾಯಿ ಸಿಕ್ಕಿಕೊಳ್ಳುವುದಿಲ್ಲ. ತೆಳುವಾದ ಕೊಡಲಿ ಒಳಹೊಕ್ಕು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಅಮ್ಮಿನಬಾವಿಯ ಹಿತ್ತಿಲಲ್ಲಿ ಆದದ್ದು ಇದೇ.

ಕಮ್ಮಾರರಲ್ಲಿ ಮಾಡಿಸುವಾಗ "ಸೀಳಾಕ ಬೇಕು" ಎಂದು ಸ್ಪಷ್ಟವಾಗಿ ಹೇಳಿರಿ. ಬಾಯಿಯ ಕೋನ 30ರಿಂದ 35 ಡಿಗ್ರಿ ಇದ್ದರೆ ಸಾಕು. ಕೂದಲು ಬೋಳಿಸುವಷ್ಟು ಹರಿತ ಬೇಡ. ಲಾರಿಯ ಹಳೆಯ ಕಮಾನು ಪಟ್ಟಿಯ ಉಕ್ಕು ಬಾಯಿಗೆ ಒಳ್ಳೆಯದು. ಹದವನ್ನು ಅರದಿಂದ ಪರೀಕ್ಷಿಸಬಹುದು. ಹೊಸ ಅರವನ್ನು ಬಾಯಿಯ ಮೇಲೆ ಎಳೆದಾಗ ಅದು ಅಷ್ಟಿಷ್ಟು ಕಚ್ಚಬೇಕು. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಉಕ್ಕು ಅತಿ ಗಡುಸು, ಚಕ್ಕೆ ಏಳುತ್ತದೆ. ಬೆಣ್ಣೆಯಂತೆ ಸವೆದರೆ ಅತಿ ಮೆದು, ಬಾಯಿ ಮಡಚುತ್ತದೆ. ಸಾಣೆ ಹಿಡಿಸುವಾಗ ಬಾಯಿ ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತೆಂದೇ ತಿಳಿಯಿರಿ. ಆದ್ದರಿಂದ ಮೇಲಿಂದ ಮೇಲೆ ನೀರಿಗೆ ಅದ್ದಿ ಸಾಣೆ ಹಿಡಿಸಬೇಕು.

ತೂಕ ಎಷ್ಟಿರಬೇಕು?

ಕೊಡಲಿ ಭಾರವಾದಷ್ಟೂ ಒಳ್ಳೆಯದೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಪೆಟ್ಟಿನ ಶಕ್ತಿ ತೂಕ ಇಮ್ಮಡಿಯಾದರೆ ಇಮ್ಮಡಿಯಾಗುತ್ತದೆ, ಆದರೆ ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟಾಗುತ್ತದೆ. 3 ಕಿ.ಗ್ರಾಂ. ಕೊಡಲಿ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಬಿದ್ದರೂ, 1.5 ಕಿ.ಗ್ರಾಂ. ಕೊಡಲಿ 10 ಮೀಟರ್ ವೇಗದಲ್ಲಿ ಬಿದ್ದರೂ ಶಕ್ತಿ ಹೆಚ್ಚು ಕಡಿಮೆ ಒಂದೇ, ಸುಮಾರು 75 ಜೂಲ್. ಆದರೆ ಪ್ರತಿ ಪೆಟ್ಟಿಗೂ ತಲೆಯ ಮೇಲೆ ಎತ್ತಬೇಕಾದ ಭಾರ ಮಾತ್ರ ಇಮ್ಮಡಿ. ಗಟ್ಟಿಮುಟ್ಟಾದ ಗಂಡಾಳಿಗೆ 2.5ರಿಂದ 3 ಕಿ.ಗ್ರಾಂ. ತಲೆಯ ಕೊಡಲಿ ನಡೆಯಬಹುದು. ಮನೆಯ ಹೆಣ್ಣುಮಕ್ಕಳು, ವಯಸ್ಸಾದವರು ಸೀಳುವ ಕೊಡಲಿಗೆ 1.5ರಿಂದ 2 ಕಿ.ಗ್ರಾಂ. ಸಾಕು, ಪಕ್ಕಗಳು ಮಾತ್ರ ಉಬ್ಬಿರಲಿ. ಅದಕ್ಕೂ ಬಗ್ಗದ ಗಂಟು, ಕವಲುಗಳಿಗೆ ಎರಡು ಕಬ್ಬಿಣದ ಬೆಣೆ ಹಾಗೂ ಒಂದು ಸುತ್ತಿಗೆ ಇಟ್ಟುಕೊಳ್ಳಿರಿ.

ಕಾವಿನ ವಿಚಾರ

ಕಾವಿಗೆ ತಡಸಲು, ದಿಂಡಲ ಒಳ್ಳೆಯವು. ಸಿಗದಿದ್ದರೆ ಜಾಲಿಯೂ ಆಗುತ್ತದೆ. ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೇರವಾಗಿರಬೇಕು, ಗಂಟು ಇರಬಾರದು. ನಮ್ಮ ಕಡೆ ಕಾವು ಗಿಡ್ಡ ಮಾಡಿಸುವ ರೂಢಿಯಿದೆ. ಇದು ಅಪಾಯಕರ. ಪೆಟ್ಟು ತಪ್ಪಿದಾಗ ಗಿಡ್ಡ ಕಾವಿನ ಕೊಡಲಿ ತಿರುಗಿ ಬರುವುದು ಮೊಣಕಾಲಿನ ಕೆಳಗಿನ ಎಲುಬಿಗೆ. ಉದ್ದ ಕಾವಿನದು ಮುಂದಿನ ನೆಲಕ್ಕೆ ಬೀಳುತ್ತದೆ. 75ರಿಂದ 85 ಸೆಂ.ಮೀ. ಉದ್ದ ಇರಲಿ. ದಪ್ಪ ಎಷ್ಟಿರಬೇಕೆಂಬುದನ್ನು ಅಳತೆಪಟ್ಟಿ ಹೇಳುವುದಿಲ್ಲ, ಎತ್ತುವವರ ಮುಷ್ಟಿ ಹೇಳುತ್ತದೆ. ಹಿಡಿದಾಗ ಬೆರಳ ತುದಿ ಅಂಗೈಯನ್ನು ಮುಟ್ಟುವಂತಾದರೆ ಸರಿ.

ಬೇಸಿಗೆಯಲ್ಲಿ ಕಾವು ಒಣಗಿ ಸಡಿಲವಾದಾಗ ಕೊಡಲಿಯನ್ನು ನೀರಲ್ಲಿ ಅದ್ದಿಡುವವರು ಬಹಳ. ಅಂದು ಬಿಗಿಯಾಗುತ್ತದೆ. ಆದರೆ ಉಬ್ಬಿದ ಎಳೆಗಳು ಕಣ್ಣಿನೊಳಗೆ ಜಜ್ಜಿ, ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತವೆ. ತಲೆ ಹಾರಿ ಯಾರಿಗೆ ಬೀಳುತ್ತದೆಂದು ಹೇಳಲಾಗದು. ಒಣಗಿದ ಕಟ್ಟಿಗೆಯ ಹೊಸ ಬೆಣೆ ಹೊಡೆಯಿರಿ. ವರ್ಷಕ್ಕೆ ಎರಡು ಸಲ ಕಾವಿಗೆ ಅಗಸಿ ಎಣ್ಣೆ ಒರೆಸಿರಿ.

ಹಸಿ ಇದ್ದಾಗಲೇ ಸೀಳಿರಿ

ಕೊಡಲಿಯಷ್ಟೇ ಮುಖ್ಯವಾದದ್ದು ಕಾಲ. ಕೊರಡುಗಳನ್ನು ಹಾಗೆಯೇ ಒಟ್ಟಿ, ಒಣಗಿದ ಮೇಲೆ ಬೇಕಾದಾಗ ಸೀಳಿದರಾಯಿತು ಎನ್ನುವುದು ಸಾಮಾನ್ಯ ಪದ್ಧತಿ. ಇದು ಎರಡು ರೀತಿಯಿಂದ ನಷ್ಟ. ಜಾಲಿ, ನೀಲಗಿರಿಯಂಥವು ಹಸಿ ಇದ್ದಾಗ ಸುಲಭವಾಗಿ ಸೀಳುತ್ತವೆ, ಒಣಗಿದಂತೆ ಕಲ್ಲಾಗುತ್ತವೆ. ಅಲ್ಲದೆ ತೊಗಟೆ ಇರುವ ಕೊರಡಿನಿಂದ ನೀರು ಹೊರಬೀಳುವುದು ಬಹಳ ನಿಧಾನ. ಸೀಳಿದರೆ ಒಳಮೈಗೆ ಗಾಳಿ ತಾಗಿ ಬೇಗ ಒಣಗುತ್ತದೆ.

ಅರ್ಧದಷ್ಟು ನೀರಿರುವ 1 ಕಿ.ಗ್ರಾಂ. ಹಸಿ ಕಟ್ಟಿಗೆಯನ್ನು ಒಲೆಗಿಟ್ಟರೆ ಅದರೊಳಗಿನ ಅರ್ಧ ಕಿಲೋ ನೀರನ್ನು ಕಾಯಿಸಿ ಆವಿ ಮಾಡುವುದಕ್ಕೇ ಸುಮಾರು 300 ಕಿಲೋ ಕ್ಯಾಲೊರಿ ಶಾಖ ಹೋಗುತ್ತದೆ. 4 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದದ್ದು ಇಷ್ಟೇ ಶಾಖ. ಇದಕ್ಕಿಂತ ದೊಡ್ಡ ನಷ್ಟ ಹೊಗೆಯದು. ಒಲೆ ತಂಪಾಗಿ ಉರಿದಾಗ ಅರೆಬೆಂದ ಅನಿಲಗಳು ಹೊಗೆಯಾಗಿ ಅಡುಗೆ ಮಾಡುವವರ ಕಣ್ಣಿಗೆ, ಎದೆಗೆ ಹೋಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಹೊಗೆಯನ್ನು ಕೊಳವೆಯಿಂದ ಹೊರಹಾಕುವಂಥದು. ಆದರೆ ಅಂಥ ಒಳ್ಳೆಯ ಒಲೆಗೂ ಸಣ್ಣಗೆ ಸೀಳಿದ ಒಣ ಕಟ್ಟಿಗೆಯೇ ಬೇಕು.

ಬದುವಿನ ಗಿಡಗಳನ್ನು ಮಾಗಿಯಲ್ಲಿ ಸವರಿರಿ. ಒಂದೆರಡು ವಾರದೊಳಗೆ ಮುಂಗೈ ದಪ್ಪಕ್ಕೆ ಸೀಳಿರಿ. ಗೆದ್ದಲು ಹತ್ತದಂತೆ ಕಲ್ಲುಗಳ ಮೇಲೆ, ಗಾಳಿಯಾಡುವಂತೆ ಒಟ್ಟಿರಿ. ಬೇಸಿಗೆಯ ಅಡ್ಡಮಳೆಗೆ ಮೇಲ್ಭಾಗವನ್ನಷ್ಟೇ ಮುಚ್ಚಿರಿ, ಪಕ್ಕಗಳು ತೆರೆದಿರಲಿ. ಜೂನ್ ತಿಂಗಳ ಮಳೆಗೆ ಮೊದಲು ಒಳಗೆ ಸೇರಿಸಿದರೆ ಮಳೆಗಾಲ ಪೂರ್ತಿ ಒಲೆ ಊದುವ ಕಷ್ಟ ತಪ್ಪುತ್ತದೆ.

ಗಮನದಲ್ಲಿಡಬೇಕಾದವು

ಕೊರಡನ್ನು ನೆಲದ ಮೇಲಿಟ್ಟು ಸೀಳಬೇಡಿ. ಮೊಣಕಾಲಿಗಿಂತ ಸ್ವಲ್ಪ ತಗ್ಗಾದ, ಅಗಲವಾದ ದಿಮ್ಮಿಯ ಮೇಲಿಟ್ಟು ಸೀಳಿರಿ. ನಡುವಿಗೆ ಹೊಡೆಯದೆ, ಬಿರುಕು ಇರುವಲ್ಲಿ ಅಥವಾ ಅಂಚಿನಿಂದ ಆರಂಭಿಸಿರಿ. ಸೆರಗು, ಧೋತರ ಬಿಗಿದು ಕಟ್ಟಿ, ಕಾಲಿಗೆ ಗಟ್ಟಿ ಮೆಟ್ಟು ಹಾಕಿರಿ. ಮಕ್ಕಳು ಹತ್ತು ಹೆಜ್ಜೆ ದೂರವಿರಲಿ. ಸಿಕ್ಕಿಕೊಂಡ ಕೊಡಲಿಯ ತಲೆಗೆ ಇನ್ನೊಂದು ಕೊಡಲಿಯಿಂದಾಗಲಿ ಸುತ್ತಿಗೆಯಿಂದಾಗಲಿ ಎಂದಿಗೂ ಹೊಡೆಯಬೇಡಿ. ಉಕ್ಕಿನ ಚಕ್ಕೆ ಸಿಡಿದು ಕಣ್ಣು ಹೋಗಬಹುದು. ಸುತ್ತಿಗೆಯ ಪೆಟ್ಟು ಬೆಣೆಗೆ ಮಾತ್ರ, ಆ ಬೆಣೆಯ ತಲೆ ಹೂವಿನಂತೆ ಅರಳಿದ್ದರೆ ಅರದಿಂದ ಸವರಿದ ಮೇಲೆಯೇ.

ಇವು ಯಾವುವೂ ಹೆಚ್ಚಿನ ಖರ್ಚಿನವಲ್ಲ. ಹತ್ತಿಯ ಬೆಳೆಗೆ ಒಂದು ಸಲ ಹೊಡೆಯುವ ಔಷಧಿಯ ಬಗ್ಗೆ ನಾವು ನೀವು ಎಷ್ಟು ಚರ್ಚಿಸುತ್ತೇವೆ! ವರ್ಷವಿಡೀ ಎತ್ತಿ ಇಳಿಸುವ ಕೊಡಲಿಯ ಬಗ್ಗೆ ಅರ್ಧ ಗಂಟೆ ವಿಚಾರ ಮಾಡಿದರೆ ತಪ್ಪೇನು? ಈ ಸಲ ಕಮ್ಮಾರರ ಕುಲುಮೆಗೆ ಕುಡ, ಕುಡುಗೋಲು ಒಯ್ಯುವ ದಿನ ಮನೆಯಲ್ಲಿ ಕಟ್ಟಿಗೆ ಸೀಳುವವರನ್ನೂ ಜೊತೆಗೆ ಕರೆದೊಯ್ಯಿರಿ. ಕೊಡಲಿಯನ್ನು ಅವರ ಕೈಗೆ ಕೊಟ್ಟು, ನಾಲ್ಕು ಸಲ ಎತ್ತಿ ನೋಡಲು ಹೇಳಿರಿ. ಅವರು "ಸರಿಯಾತು" ಎಂದ ಮೇಲೆ ಹಣ ಕೊಡಿರಿ.